ಹೊಸ ಊರಿನ ಹಳೆಯ ಪೇಟೆ, ಅದರ ನದಿದಂಡೆ: ನೋಡುವುದನ್ನು ಎಲ್ಲಿಂದ ಆರಂಭಿಸಬೇಕು?

ಹೊಸಬಾಗಿಲು:

ಕೆಲಸದ ನಿಮಿತ್ತ ಮೂರು ತಿಂಗಳ ಹಿಂದೆ ನಾನು ಹೊಸ ನಗರವೊಂದಕ್ಕೆ ಬಂದು ನೆಲೆಸಿದ್ದೇನೆ. ನಗರದ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಹೇಳಿದೊಡನೆ ನೋಡಲೇಬೇಕಾದ ಹತ್ತು ಜಾಗಗಳ ಪಟ್ಟಿ ಬರುತ್ತದೆ, ಅಂತಹ ಪಟ್ಟಿ ಈಗಾಗಲೇ ನನ್ನ ಬಳಿ ಇದೆ.

ಮನೆಯಿಂದ ಕಾಲು ಗಂಟೆ ನಡೆದರೆ ನಗರದ ಹಳೆಯ ಪೇಟೆ ಸಿಗುತ್ತದೆ. ಪೇಟೆಯ ಅಂಚಿಗೆ ನದಿ ಹರಿಯುತ್ತದೆ, ನದಿಯ ಉದ್ದಕ್ಕೂ ಕಲ್ಲು ಹಾಸಿದ ನಡಿಗೆಯ ಹಾದಿ ಇದೆ. ನಾಲ್ಕು ಭಾನುವಾರ ಆ ಹಾದಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದಿದ್ದೇನೆ. ಬೆಂಚುಗಳು, ದೀಪದ ಕಂಬಗಳು, ಹೂವಿನ ಮಡಿಗಳು ಎಲ್ಲವೂ ಚೊಕ್ಕಟವಾಗಿವೆ. ಆದರೂ ಮನೆಗೆ ಮರಳುವಾಗ ನದಿಯನ್ನು ನೋಡಿಬಂದೆ ಎಂದು ಒಮ್ಮೆಯೂ ಅನ್ನಿಸಿಲ್ಲ. ಹಾದಿಯು ನೀರಿಗಿಂತ ಎರಡಾಳು ಎತ್ತರದಲ್ಲಿದೆ, ನಡುವೆ ನೇರವಾದ ಗೋಡೆಯೊಂದು ನಿಂತಿದೆ. ನೀರು ಎಲ್ಲಿಂದ ಬರುತ್ತಿದೆ, ಈ ಊರು ಇಲ್ಲಿಯೇ ಏಕೆ ಬೆಳೆಯಿತು, ಇದೇ ನೀರಿನ ಜೊತೆ ಇಲ್ಲಿನ ಜನ ಇಷ್ಟು ಕಾಲ ಹೇಗೆ ಬದುಕಿದರು ಎಂಬುದರ ಸುಳಿವೇ ಸಿಗುವುದಿಲ್ಲ. ಯಾರ ಪರಿಚಯವೂ ಇಲ್ಲದ ಹೊಸಬರು ಒಂದು ನದಿದಂಡೆಯನ್ನು ಹೇಗೆ ನೋಡಬೇಕು? ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಸಂಜೆಗಾಳಿ:

ನೀವು ತುದಿಯಿಂದ ತುದಿಗೆ ನಡೆದಿರುವುದರಿಂದಲೇ ಹೀಗಾಗಿದೆ ಎಂದು ನನ್ನ ಭಾವನೆ. ಒಂದು ಬೆಂಚನ್ನು ಆರಿಸಿಕೊಂಡು ಒಂದು ಗಂಟೆ ಕುಳಿತು ನೋಡಿ. ಪುಸ್ತಕ ಬೇಡ, ಫೋನೂ ಬೇಡ.

ಹಳೆನಕ್ಷೆ:

ಕುಳಿತುಕೊಳ್ಳುವುದು ಒಳ್ಳೆಯದೇ. ಆದರೆ ಹೊಸಬಾಗಿಲು ಅವರ ಪ್ರಶ್ನೆಗೆ ಉತ್ತರ ಅವರ ಬರಹದಲ್ಲಿಯೇ ಇದೆ, ಅವರು ಅದನ್ನು ದೂರಿನ ರೂಪದಲ್ಲಿ ಬರೆದಿದ್ದಾರೆ ಅಷ್ಟೇ. ನೀರಿಗಿಂತ ಎರಡಾಳು ಎತ್ತರದ ನೇರ ಗೋಡೆ! ಹೊಳೆ ತಾನಾಗಿ ಎಂದೂ ಅಂತಹ ದಡವನ್ನು ಮಾಡಿಕೊಳ್ಳುವುದಿಲ್ಲ. ಯಾರೋ ಒಂದು ಕಾಲದಲ್ಲಿ, ಒಂದು ಕಾರಣಕ್ಕಾಗಿ ಅದನ್ನು ಕಟ್ಟಿದ್ದಾರೆ. ಆದ್ದರಿಂದ ನೀವು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಗೋಡೆ ಬರುವ ಮೊದಲು ದಡ ಎಲ್ಲಿತ್ತು?

ಲಂಡನ್ನಿನಿಂದ ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಿ ಥೇಮ್ಸ್ ನದಿಯ ಪಕ್ಕದ ಉದ್ಯಾನವೊಂದರಲ್ಲಿ ಯಾರ್ಕ್ ವಾಟರ್‌ಗೇಟ್ ಎಂಬ ಕಲ್ಲಿನ ಕಮಾನಿನ ದ್ವಾರವಿದೆ. 1626ರ ಸುಮಾರಿಗೆ ಅದನ್ನು ಕಟ್ಟಿದಾಗ ದೋಣಿಯಿಂದ ಇಳಿದವರು ನೇರವಾಗಿ ಅದರ ಮೆಟ್ಟಿಲುಗಳಿಗೆ ಕಾಲಿಡುತ್ತಿದ್ದರು. ಇಂದು ಅದರ ಮುಂದೆ ಹುಲ್ಲುಹಾಸು ಇದೆ, ಅದರಾಚೆ ರಸ್ತೆ ಇದೆ, ನೀರು ನೂರಕ್ಕೂ ಹೆಚ್ಚು ಮೀಟರ್ ಆಚೆ ಹರಿಯುತ್ತಿದೆ. ನಡುವಿನ ನೆಲವೆಲ್ಲ ನದಿಯಿಂದ ಪಡೆದದ್ದು. 1858ರ ಬೇಸಿಗೆಯಲ್ಲಿ ಥೇಮ್ಸ್‌ನ ದುರ್ನಾತವನ್ನು ತಾಳಲಾರದೆ ಸಂಸತ್ತೇ ಕಂಗೆಟ್ಟ ಮೇಲೆ ಎಂಜಿನಿಯರ್ ಜೋಸೆಫ್ ಬಜಲ್ಗೆಟ್ ಅವರ ಒಳಚರಂಡಿ ಯೋಜನೆಗೆ ಒಪ್ಪಿಗೆ ದೊರೆಯಿತು. ಅದರ ಭಾಗವಾಗಿ 1870ರಲ್ಲಿ ಸಂಚಾರಕ್ಕೆ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಎಂಬ ನದಿದಂಡೆಯ ಕಟ್ಟೆಯ ಹೊಟ್ಟೆಯಲ್ಲಿ ದೊಡ್ಡ ಚರಂಡಿಯೂ ಇದೆ, ಭೂಗತ ರೈಲುಮಾರ್ಗವೂ ಇದೆ. ಮೇಲೆ ನಡೆಯುವವರಿಗೆ ಕಾಣುವುದು ಸಾಲುಮರಗಳು ಮಾತ್ರ. ಅಲ್ಲಿಯೇ ಒಳಗಡೆ ಸ್ಟ್ರ್ಯಾಂಡ್ ಎಂಬ ಬೀದಿಯಿದೆ, ಆ ಪದದ ಅರ್ಥವೇ ದಡ. ಬೀದಿ ನಿಂತಲ್ಲಿಯೇ ನಿಂತಿತು, ದಡ ಮುಂದಕ್ಕೆ ಹೋಯಿತು.

ನಿಮ್ಮ ಊರಿನಲ್ಲಿಯೂ ಇದನ್ನು ಹುಡುಕಬಹುದು. ನದಿಗೆ ಬೆನ್ನು ಮಾಡಿ ಪೇಟೆಯೊಳಕ್ಕೆ ನಡೆಯಿರಿ. ನೆಲ ಎಲ್ಲಿ ಸಪಾಟಾಗಿದೆ, ಎಲ್ಲಿ ಥಟ್ಟನೆ ಏರುತ್ತದೆ ಎಂಬುದನ್ನು ಕಾಲಿನಿಂದಲೇ ಅಳೆಯಿರಿ. ಏರು ಆರಂಭವಾಗುವ ಜಾಗವು ಹಲವು ಊರುಗಳಲ್ಲಿ ಹಳೆಯ ದಡವಾಗಿರುತ್ತದೆ. ಕಡವು, ಕಟ್ಟೆ, ಬಂದರು, ಗಾಣ, ಉಪ್ಪು, ಮೀನು ಮುಂತಾದ ಅರ್ಥವುಳ್ಳ ಬೀದಿಗಳ ಹೆಸರುಗಳನ್ನು ಗುರುತುಹಾಕಿಕೊಳ್ಳಿ. ಉಳಿದೆಲ್ಲ ಬೀದಿಗಳು ನೇರವಾಗಿರುವಾಗ ಒಂದು ಬೀದಿ ಮಾತ್ರ ಬಳುಕುತ್ತಾ ಸಾಗಿದ್ದರೆ ಅದರ ಕೆಳಗೆ ಮುಚ್ಚಿಹೋದ ಹಳ್ಳವೊಂದು ಇರುವ ಸಾಧ್ಯತೆ ಇದೆ. ಸಾರ್ವಜನಿಕ ಗ್ರಂಥಾಲಯದಲ್ಲಿ ನೂರು ವರ್ಷ ಹಿಂದಿನ ನಕ್ಷೆ ದೊರೆತರೆ ಅದರ ಪ್ರತಿಯನ್ನು ಕೈಯಲ್ಲಿ ಹಿಡಿದು ನಡೆಯಿರಿ. ಈಗಿನ ನಕ್ಷೆಯನ್ನು ಆ ದಿನದ ಮಟ್ಟಿಗೆ ಮರೆತುಬಿಡಿ.

ಎಡದಂಡೆ:

ಹಳೆನಕ್ಷೆ ಅವರು ಬೆನ್ನು ಮಾಡಲು ಹೇಳಿದರು, ನಾನು ದಾಟಲು ಹೇಳುತ್ತೇನೆ. ನಾಲ್ಕು ಭಾನುವಾರವೂ ನೀವು ಒಂದೇ ದಂಡೆಯಲ್ಲಿ ನಡೆದಿದ್ದೀರಿ. ಪೇಟೆಯ ದಂಡೆಯಲ್ಲಿ ನಿಂತವರಿಗೆ ಪೇಟೆ ಕಾಣುವುದಿಲ್ಲ. ಊರು ತನ್ನ ಮುಖವನ್ನು ತೋರಿಸುವುದು ಆಚೆಯ ದಂಡೆಗೆ.

ಮೊದಲು ಒಂದು ಸಣ್ಣ ವಿಷಯ. ಎಡದಂಡೆ, ಬಲದಂಡೆ ಎಂಬ ಪದಗಳನ್ನು ಕಾಲುವೆಗಳ ಹೆಸರಿನಲ್ಲಿ ನಾವೆಲ್ಲ ಕೇಳಿದ್ದೇವೆ. ನೀರು ಹರಿದುಹೋಗುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಕ್ಕೆ ಬರುವುದು ಎಡದಂಡೆ. ಜಗತ್ತಿನ ಯಾವ ನದಿಗಾದರೂ ಇದೇ ಲೆಕ್ಕ. ಮೊದಲ ದಿನವೇ ಇದನ್ನು ಗೊತ್ತುಮಾಡಿಕೊಂಡರೆ ಮುಂದೆ ಓದುವುದೂ ಕೇಳುವುದೂ ಸುಲಭವಾಗುತ್ತದೆ.

ಊರು ಇಲ್ಲಿಯೇ ಏಕೆ ಎಂಬ ಪ್ರಶ್ನೆಗೆ ಹಳೆಯ ಸೇತುವೆಯ ಮೇಲೆ ನಿಂತರೆ ಬಹುಪಾಲು ಉತ್ತರ ಸಿಗುತ್ತದೆ. ನದಿಯ ಬದಿಯ ಹಳೆಯ ಊರುಗಳು ಹುಟ್ಟಿರುವುದಕ್ಕೆ ಕೆಲವೇ ಕಾರಣಗಳಿವೆ. ಒಂದೋ ಅಲ್ಲಿ ನದಿಯನ್ನು ದಾಟಲು ಸಾಧ್ಯವಿತ್ತು, ಇಲ್ಲವೇ ಅಲ್ಲಿಂದ ಮುಂದೆ ದೋಣಿ ಸಾಗುತ್ತಿರಲಿಲ್ಲ, ಇಲ್ಲವೇ ಎರಡು ನದಿಗಳು ಕೂಡುತ್ತಿದ್ದವು. ಅಮೆರಿಕದ ಓಹಾಯೋ ನದಿಯ ಮೇಲಿನ ಲೂಯಿವಿಲ್ ಎರಡನೆಯ ಬಗೆಯದು. ಕಲ್ಲುಬಂಡೆಗಳ ಇಳಿಜಾರಿನಲ್ಲಿ ನೀರು ಧುಮುಕುತ್ತಿದ್ದುದರಿಂದ ಸರಕನ್ನು ಇಳಿಸಿ, ನೆಲದ ಮೇಲೆ ಸಾಗಿಸಿ, ಮತ್ತೆ ದೋಣಿಗೆ ಏರಿಸಬೇಕಾಗಿತ್ತು. ಇಳಿಸುವ, ಏರಿಸುವ ಜಾಗದಲ್ಲಿ ಊರು ಬೆಳೆಯಿತು. ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿಯ ಜಲಪಾತವೊಂದರ ಶಕ್ತಿಯಿಂದ ಹಿಟ್ಟಿನ ಗಿರಣಿಗಳು ತಿರುಗಿದವು. ಆ ಗಿರಣಿಗಳ ಕಾಲದಲ್ಲಿ, 1883ರಲ್ಲಿ, ರೈಲಿಗಾಗಿ ಕಟ್ಟಿದ ಕಲ್ಲಿನ ಕಮಾನುಗಳ ಸೇತುವೆಯ ಮೇಲೆ ಇಂದು ಜನ ನಡೆಯುತ್ತಾರೆ. ಟೆನೆಸ್ಸಿಯ ಚಟನೂಗಾದಲ್ಲಿಯೂ ಹಾಗೆಯೇ: 1891ರ ಕಬ್ಬಿಣದ ಸೇತುವೆಯನ್ನು 1978ರಲ್ಲಿ ವಾಹನಗಳಿಗೆ ಮುಚ್ಚಲಾಯಿತು, ಕೆಡವುವ ಮಾತೂ ನಡೆಯಿತು, ಊರಿನವರ ಒತ್ತಾಯದಿಂದ ಉಳಿದುಕೊಂಡು 1993ರಲ್ಲಿ ಅದು ಕಾಲ್ನಡಿಗೆಯ ಸೇತುವೆಯಾಗಿ ಮತ್ತೆ ತೆರೆಯಿತು.

ನಿಮ್ಮ ಊರಿನಲ್ಲಿ ಅಷ್ಟು ದೊಡ್ಡ ಸೇತುವೆ ಇರಬೇಕಾಗಿಲ್ಲ. ಇರುವುದರಲ್ಲಿ ಹಳೆಯದನ್ನು ಹುಡುಕಿ, ಅದರ ನಟ್ಟನಡುವೆ ನಿಂತು ಮೊದಲು ಮೇಲ್ಮುಖವಾಗಿಯೂ ಬಳಿಕ ಕೆಳಮುಖವಾಗಿಯೂ ನೋಡಿ. ಕಂಬಗಳ ಸುತ್ತ ನೀರು ಹೇಗೆ ಸುಳಿಯುತ್ತದೆ, ತಿರುವಿನಲ್ಲಿ ಹೊರಮಗ್ಗುಲಿಗೆ ಸೆಳವು ಹೇಗೆ ಒತ್ತುತ್ತದೆ, ಒಳಮಗ್ಗುಲಿನಲ್ಲಿ ಮರಳು ಎಲ್ಲಿ ಕೂತಿದೆ ಎಂಬುದನ್ನು ಗಮನಿಸಿ. ದೋಣಿಗಟ್ಟೆ ಏಕೆ ಹೊರಮಗ್ಗುಲಿನಲ್ಲಿದೆ, ಮೀನು ಹಿಡಿಯುವವರು ಏಕೆ ಅಲ್ಲಿಯೇ ಕೂರುತ್ತಾರೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಹೊಸಬಾಗಿಲು:

ಎಲ್ಲರಿಗೂ ವಂದನೆಗಳು. ಈ ವಾರ ನದಿಗೆ ಬೆನ್ನು ಮಾಡಿ ನಡೆದೆ. ಗೋಡೆಯಿಂದ ಎರಡನೆಯ ಬೀದಿಯವರೆಗೆ ನೆಲ ಮೇಜಿನಂತೆ ಸಪಾಟಾಗಿದೆ, ಅಲ್ಲಿಂದ ಮುಂದೆ ಪ್ರತಿ ಅಡ್ಡರಸ್ತೆಯೂ ಉಸಿರು ಹಿಡಿಯುವಷ್ಟು ಏರುತ್ತದೆ. ಎರಡನೆಯ ಬೀದಿಯಲ್ಲಿ ಇಟ್ಟಿಗೆಯ ಹಳೆಯ ಗೋದಾಮುಗಳ ಸಾಲೊಂದಿದೆ. ಅವುಗಳ ಅಂದವಾದ ಮುಂಬಾಗಿಲು ಮೇಲಿನ ಬೀದಿಗೆ ಇದೆ. ನದಿಯ ಕಡೆಗಿರುವ ಬೆನ್ನಿನಲ್ಲಿ, ನೆಲಮಟ್ಟದಲ್ಲಿ, ಅಗಲವಾದ ಬಾಗಿಲುಗಳನ್ನು ಇಟ್ಟಿಗೆಯಿಂದ ಮುಚ್ಚಿದ ಗುರುತುಗಳಿವೆ. ಸರಕು ಹಿಂದಿನಿಂದ ಬರುತ್ತಿತ್ತು, ಗಿರಾಕಿಗಳು ಮುಂದಿನಿಂದ ಬರುತ್ತಿದ್ದರು ಎಂದು ಊಹಿಸಿದ್ದೇನೆ.

ಇನ್ನೊಂದು ಸಂಗತಿ. ಪೇಟೆಗೂ ನಡಿಗೆಯ ಹಾದಿಗೂ ನಡುವೆ ವೇಗದ ಹೆದ್ದಾರಿಯೊಂದಿದೆ. ನಾನು ಪ್ರತಿ ಸಲವೂ ಅದರ ಕೆಳಗಿನ ಸುರಂಗದಿಂದ ದಾಟುತ್ತಿದ್ದೆನೇ ಹೊರತು ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ನದಿಯ ಪಕ್ಕದಲ್ಲಿ, ಅದೂ ಪೇಟೆಯ ಎದುರಿನಲ್ಲಿ, ಹೆದ್ದಾರಿಯನ್ನು ಏಕೆ ಕಟ್ಟುತ್ತಾರೆ?

ಕಡವು:

ನಾನು ನದಿಯ ನೀರಿನ ಮಟ್ಟವನ್ನು ಅಳೆಯುವ ಕೆಲಸದಲ್ಲಿ ಬಹಳ ವರ್ಷ ಇದ್ದವನು. ತಡವಾಗಿ ಸೇರಿಕೊಂಡಿದ್ದಕ್ಕೆ ಕ್ಷಮೆಯಿರಲಿ.

ಹೆದ್ದಾರಿಗೆ ಕಾರಣ ಸರಳವಾದದ್ದು. ದೋಣಿ ವ್ಯಾಪಾರ ಮುಗಿದ ಮೇಲೆ ನದಿದಂಡೆಯ ಉದ್ದನೆಯ, ಸಪಾಟಾದ, ಅಡ್ಡರಸ್ತೆಗಳಿಲ್ಲದ ನೆಲ ಅಗ್ಗವಾಗಿ ಬಿದ್ದಿರುತ್ತಿತ್ತು. ಮೊದಲು ಅಲ್ಲಿಗೆ ರೈಲು ಬಂತು, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಕಾರು ಬಂತು. ಪ್ಯಾರಿಸ್ 1967ರಲ್ಲಿ ಸೇನ್ ನದಿಯ ಬಲದಂಡೆಯ ಮೇಲೆಯೇ ವೇಗದ ರಸ್ತೆಯನ್ನು ತೆರೆದು, 2016ರಲ್ಲಿ ಅದರ ನಡುಪೇಟೆಯ ಭಾಗವನ್ನು ವಾಹನಗಳಿಗೆ ಮುಚ್ಚಿತು. ಅಮೆರಿಕದ ಪೋರ್ಟ್‌ಲ್ಯಾಂಡ್ ಇದಕ್ಕೂ ಬಹಳ ಮೊದಲೇ, 1974ರಲ್ಲಿ, ದಂಡೆಯ ಹೆದ್ದಾರಿಯನ್ನು ಕಿತ್ತು ಅಲ್ಲಿ ಉದ್ಯಾನವನ್ನು ಮಾಡಿತು. ಹಾಗಾಗಿ ನಿಮ್ಮ ಸುರಂಗವನ್ನು ಶಾಶ್ವತವೆಂದು ತಿಳಿಯಬೇಕಾಗಿಲ್ಲ.

ನನಗೆ ಹೆಚ್ಚು ಆಸಕ್ತಿ ಇರುವುದು ನಿಮ್ಮ ಎರಡಾಳೆತ್ತರದ ಗೋಡೆಯಲ್ಲಿ. ಗೋಡೆಯ ಎತ್ತರವನ್ನು ನಿರ್ಧರಿಸುವುದು ನೀವು ಭಾನುವಾರ ಕಾಣುವ ನೀರಲ್ಲ, ಊರು ಮರೆಯಲಾರದ ಯಾವುದೋ ಒಂದು ನೆರೆ. ಆ ನೆರೆಯ ಗುರುತು ಊರಿನಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ: ಸೇತುವೆಯ ಕಂಬದಲ್ಲಿ ಕೊರೆದ ಗೆರೆ, ಹಳೆಯ ಕಟ್ಟಡದ ಮೂಲೆಯಲ್ಲಿ ವರ್ಷ ಬರೆದ ಹಿತ್ತಾಳೆಯ ಫಲಕ, ಇಲ್ಲವೇ ಇಟ್ಟಿಗೆಯ ಮೇಲಿನ ಒಂದು ಚಿಕ್ಕ ಕಲ್ಲು. ಪ್ಯಾರಿಸ್‌ನವರು ಅಲ್ಮಾ ಸೇತುವೆಯ ಕಂಬದ ಮೇಲಿರುವ ಸೈನಿಕನ ಪ್ರತಿಮೆಯನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. ನೀರು ಅವನ ಪಾದ ಮುಟ್ಟಿದರೆ ಎಚ್ಚರ, ತೊಡೆ ಮುಟ್ಟಿದರೆ ಆತಂಕ. 1910ರ ಜನವರಿಯಲ್ಲಿ ನೀರು ಅವನ ಭುಜಕ್ಕೆ ಬಂದಿತ್ತು. ಆ ವರ್ಷದ ಮಟ್ಟ 8.62 ಮೀಟರ್.

ಆದರೆ ಎಲ್ಲ ಊರುಗಳೂ ಗೋಡೆಯನ್ನೇ ಕಟ್ಟಲಿಲ್ಲ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ 1921ರ ಸೆಪ್ಟೆಂಬರಿನ ನೆರೆ ಐವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಬಳಿಕ ಮೇಲ್ಭಾಗದಲ್ಲಿ ಅಣೆಕಟ್ಟನ್ನು ಕಟ್ಟಿದರು, ಪೇಟೆಯ ನಡುವಿನ ನದಿಯ ಬಳಸಿಗೆ, ಅಂದರೆ ಸುತ್ತಿ ಹರಿಯುವ ತಿರುವಿಗೆ, ಒಂದು ನೇರ ಅಡ್ಡಗಾಲುವೆಯನ್ನು ತೋಡಿದರು. ಬಳಸನ್ನು ಮುಚ್ಚಿ ಚರಂಡಿಯನ್ನಾಗಿಸುವ ಆಲೋಚನೆಯೂ ಇತ್ತು, ಊರಿನವರು ಅದನ್ನು ವಿರೋಧಿಸಿದರು. ವಾಸ್ತುಶಿಲ್ಪಿ ರಾಬರ್ಟ್ ಹಗ್‌ಮನ್ 1929ರಲ್ಲಿ ಮುಂದಿಟ್ಟ ಕಲ್ಪನೆಯ ಆಧಾರದ ಮೇಲೆ 1939ರಿಂದ 1941ರ ನಡುವೆ ಅಲ್ಲಿ ನಡಿಗೆಯ ಹಾದಿ ಬಂತು. ಆ ಹಾದಿ ಬೀದಿಯ ಮಟ್ಟಕ್ಕಿಂತ ಒಂದು ಮಹಡಿಯಷ್ಟು ಕೆಳಗೆ, ಬಗ್ಗಿದರೆ ನೀರು ಕೈಗೆ ತಾಗುವಂತೆ ಇದೆ. ನೆರೆಯ ನೀರಿಗೆ ಬೇರೆ ದಾರಿ ಸಿಕ್ಕಿದ್ದರಿಂದಲೇ ಅಷ್ಟು ಹತ್ತಿರದ ಹಾದಿ ಸಾಧ್ಯವಾಯಿತು. ನೆದರ್‌ಲ್ಯಾಂಡ್ಸ್‌ನ ನೈಮೇಖನ್‌ನಲ್ಲಿ ಇನ್ನೂ ಬೇರೆ ಬಗೆ: ಒಡ್ಡನ್ನು ಎತ್ತರಿಸುವ ಬದಲು 350 ಮೀಟರ್ ಹಿಂದಕ್ಕೆ ಸರಿಸಿ, ನದಿಗೆ ಎರಡನೆಯ ಪಾತ್ರವನ್ನು ತೋಡಿಕೊಟ್ಟರು.

ಆದ್ದರಿಂದ ನಿಮ್ಮ ಊರಿನಲ್ಲಿ ಕೇಳಬೇಕಾದದ್ದು ಇಷ್ಟು: ಹೆಚ್ಚಿನ ನೀರು ಬಂದಾಗ ಅದು ಎಲ್ಲಿಗೆ ಹೋಗಬೇಕೆಂದು ಇಲ್ಲಿ ತೀರ್ಮಾನಿಸಿದ್ದಾರೆ? ಗೋಡೆ ಎತ್ತರವಿದ್ದರೆ ಅದು ಕೆಳಗಿನ ಊರಿಗೆ ಹೋಗುತ್ತದೆ. ಆಚೆಯ ದಂಡೆಯ ಗೋಡೆ ನಿಮ್ಮದಕ್ಕಿಂತ ತಗ್ಗಿದ್ದರೆ ಎದುರಿನವರ ಮನೆಗೆ ಹೋಗುತ್ತದೆ.

ಮಳೆಮಾಪಕ:

ಕಡವು ಅವರಿಗೆ ನಮಸ್ಕಾರ. ನಾನು ಎರಡೇ ಮಾತು ಸೇರಿಸುತ್ತೇನೆ.

ಚೆನ್ನಾಗಿ ಮಳೆ ಬಂದ ಮರುದಿನ ಬೆಳಿಗ್ಗೆ ಒಮ್ಮೆ ಹೋಗಿ. ಗೋಡೆಯಲ್ಲಿ ದುಂಡಗಿನ ಬಾಯಿಗಳು, ಅವುಗಳಿಗೆ ತೂಗುಹಾಕಿದ ಕಬ್ಬಿಣದ ಮುಚ್ಚಳಗಳು ಕಾಣುತ್ತವೆ. ಹಳೆಯ ನಗರಗಳಲ್ಲಿ ಮಳೆನೀರೂ ಮನೆಗಳ ಕೊಳಚೆ ನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಮಳೆ ಹೆಚ್ಚಾದಾಗ ಕೊಳವೆ ತುಂಬಿ, ಹೆಚ್ಚಾದದ್ದು ಈ ಬಾಯಿಗಳಿಂದ ನದಿಗೆ ಬೀಳುತ್ತದೆ. ಲಂಡನ್ ಇದನ್ನು ತಡೆಯಲು ಥೇಮ್ಸ್‌ನ ಅಡಿಯಲ್ಲಿ 25 ಕಿಲೋಮೀಟರ್ ಉದ್ದದ ಸುರಂಗವನ್ನು ತೋಡಬೇಕಾಯಿತು. ಪ್ಯಾರಿಸ್‌ನ ಸೇನ್ ನದಿಯಲ್ಲಿ 1923ರಿಂದ ನಿಷೇಧವಾಗಿದ್ದ ಸಾರ್ವಜನಿಕ ಈಜು 2025ರ ಬೇಸಿಗೆಯಲ್ಲಷ್ಟೇ ಮರಳಿತು, ಅದೂ ಗುರುತಿಸಿದ ಜಾಗಗಳಲ್ಲಿ ಮಾತ್ರ. ನೀರು ತಿಳಿಯಾಗಿ ಕಂಡರೂ ಮಳೆಯ ನಂತರದ ಒಂದೆರಡು ದಿನ ಕೈಕಾಲು ತೊಳೆಯಲೂ ಇಳಿಯಬೇಡಿ.

ಎರಡನೆಯದು ತಗ್ಗು ಒಡ್ಡುಗಳ ವಿಷಯ. ಪೇಟೆಯ ಬಳಿ ನೀರು ಸದಾ ತುಂಬಿ ಕಾಣಲಿ ಎಂದು ನದಿಗೆ ಅಡ್ಡಲಾಗಿ ಮೊಣಕಾಲೆತ್ತರದ ಒಡ್ಡನ್ನು ಕಟ್ಟಿರುತ್ತಾರೆ. ದೂರದಿಂದ ಅದು ಆಟಿಕೆಯಂತೆ ಕಾಣುತ್ತದೆ. ಆದರೆ ಒಡ್ಡಿನ ಬುಡದಲ್ಲಿ ಧುಮುಕಿದ ನೀರು ಮೇಲೆದ್ದು ಮತ್ತೆ ಒಡ್ಡಿನ ಕಡೆಗೇ ಸುರುಳಿ ಸುತ್ತುವುದರಿಂದ ಅದರೊಳಗೆ ಸಿಕ್ಕವರನ್ನು ಹೊರಗೆ ಬಿಡುವುದಿಲ್ಲ. ಬಲ್ಲ ಈಜುಗಾರರೂ ಅಲ್ಲಿ ಮುಳುಗಿದ್ದಾರೆ. ಬಾಡಿಗೆ ದೋಣಿ ತೆಗೆದುಕೊಳ್ಳುವ ಯೋಚನೆಯಿದ್ದರೆ ಮೊದಲು ಒಡ್ಡುಗಳು ಎಲ್ಲೆಲ್ಲಿವೆ ಎಂದು ಕೇಳಿ.

ತುಂಬಿದ ನೀರು ಎಂದಾಗ ನೆನಪಾಯಿತು. ದಕ್ಷಿಣ ಕೊರಿಯಾದ ಸೋಲ್‌ ನಗರದ ಚೊಂಗ್ಯೆಚೊನ್ ತೊರೆಯ ಮೇಲಿದ್ದ ಎತ್ತರದ ರಸ್ತೆಯನ್ನು ಕೆಡವಿ 2005ರಲ್ಲಿ ತೊರೆಯನ್ನು ಮತ್ತೆ ತೆರೆದರು, ಆದರೆ ಅಲ್ಲಿ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪು ಮಾಡಿ ತಂದದ್ದು. ಅಹಮದಾಬಾದಿನ ಸಾಬರಮತಿ ದಂಡೆಯ ಎದುರು ನಿಂತಿರುವ ನೀರೂ ನರ್ಮದಾ ಕಾಲುವೆಯಿಂದ ಬಂದದ್ದು, ಕೆಳಗಿನ ಬ್ಯಾರೇಜು ಅದನ್ನು ಹಿಡಿದು ನಿಲ್ಲಿಸಿದೆ. ಅಲ್ಲಿ ದಂಡೆಯ ಮೇಲಿದ್ದ ಸಾವಿರಾರು ಕುಟುಂಬಗಳು ಬೇರೆಡೆಗೆ ಹೋಗಬೇಕಾಯಿತು ಎಂಬುದೂ ಆ ಹಾದಿಯ ಕಥೆಯೇ. ನಿಮ್ಮ ನದಿಯ ನೀರು ಎಲ್ಲಿಯದು ಎಂಬುದನ್ನೂ ವಿಚಾರಿಸಿಕೊಳ್ಳಿ.

ಸಂಜೆಗಾಳಿ:

ಇಷ್ಟೆಲ್ಲ ಓದಿದ ಮೇಲೆ ಒಂದು ಆಕ್ಷೇಪವನ್ನು ದಾಖಲಿಸಬೇಕೆನಿಸಿತು. ಇಲ್ಲಿ ಎಲ್ಲರೂ ನಡಿಗೆಯ ಹಾದಿಯನ್ನು ನದಿಗೆ ತೊಡಿಸಿದ ಮುಖವಾಡವೆಂಬಂತೆ ಕಾಣುತ್ತಿದ್ದೀರಿ. ನಮ್ಮ ತಾಯಿಯವರು ಆರು ವರ್ಷಗಳಿಂದ ಗಾಲಿಕುರ್ಚಿಯಲ್ಲಿದ್ದಾರೆ. ಹಳೆಯ ಕಟ್ಟೆಯ ಮೆಟ್ಟಿಲುಗಳು, ಗೋದಾಮುಗಳ ಹಿಂದಿನ ಗಲ್ಲಿ, ಏರುವ ಅಡ್ಡರಸ್ತೆ, ಇವೆಲ್ಲ ಅವರಿಗೆ ಮುಚ್ಚಿದ ಬಾಗಿಲುಗಳು. ಸಮತಟ್ಟಾದ ಆ ಕಲ್ಲುಹಾಸಿನ ಹಾದಿ ಇರುವುದರಿಂದಲೇ ಅವರು ವಾರಕ್ಕೊಮ್ಮೆ ನೀರನ್ನು ನೋಡುತ್ತಾರೆ. ಅವರು ಕುಳಿತ ಎತ್ತರಕ್ಕೆ ಕಟಕಟೆಯ ಅಡ್ಡಪಟ್ಟಿ ಸರಿಯಾಗಿ ಕಣ್ಣಿಗೆ ಅಡ್ಡ ಬರುತ್ತದೆ ಎಂಬುದೊಂದು ನನ್ನ ದೂರು. ಕಟ್ಟಿದವರು ಒಮ್ಮೆಯೂ ಕುಳಿತು ನೋಡಲಿಲ್ಲ.

ಹಳೆನಕ್ಷೆ:

ನಿಮ್ಮ ಮಾತು ಸರಿ. ಹಾದಿಯೇ ತಪ್ಪು ಎಂಬಂತೆ ಬರೆದಿದ್ದರೆ ಅದು ನನ್ನ ಬರಹದ ದೋಷ. ಕಟಕಟೆಯ ವಿಷಯವನ್ನು ನಾನು ಇಷ್ಟು ವರ್ಷಗಳಲ್ಲಿ ಗಮನಿಸಿಯೇ ಇರಲಿಲ್ಲ.

ಹೊಸಬಾಗಿಲು:

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ.

ಹಳೆಯ ಸೇತುವೆಯನ್ನು ದಾಟಿದೆ. ಆಚೆಯ ದಂಡೆಯಿಂದ ನೋಡಿದಾಗ ನಾನು ನಾಲ್ಕು ಭಾನುವಾರ ನಡೆದ ಹಾದಿ ಬೆರಳಗಲದ ಒಂದು ಬಿಳಿ ಪಟ್ಟಿಯಾಗಿ ಕಂಡಿತು. ಅದರ ಹಿಂದೆ ಗೋದಾಮುಗಳ ಸಾಲು, ಅದರ ಹಿಂದೆ ಏರು, ಏರಿನ ಮೇಲೆ ಊರು. ನೆರೆಗೆ ಹೆದರಿ ಮೇಲಕ್ಕೆ ಹತ್ತಿದ ಊರು ಎಂದು ಮೊದಲ ಬಾರಿಗೆ ಅರ್ಥವಾಯಿತು. ಆಚೆಯ ದಂಡೆಯಲ್ಲಿ ಗೋಡೆಯೇ ಇಲ್ಲ, ಹುಲ್ಲಿನ ಇಳಿಜಾರು ಮಾತ್ರ ಇದೆ. ಅಲ್ಲಿನ ಮನೆಗಳು ಚಿಕ್ಕವು, ನೆಲದಿಂದ ಐದಾರು ಮೆಟ್ಟಿಲು ಎತ್ತರಿಸಿ ಕಟ್ಟಿದವು. ಕಡವು ಅವರು ಬರೆದ ಕೊನೆಯ ಸಾಲು ಅಲ್ಲಿ ನಿಂತಾಗ ನೆನಪಾಗಿ ಸ್ವಲ್ಪ ಹೊತ್ತು ಮುಜುಗರವಾಯಿತು. ಏಕೆಂದರೆ ನಾನು ಬಾಡಿಗೆಗೆ ಇರುವುದು ಗೋಡೆಯಿರುವ ಕಡೆ.

ನೆರೆಯ ಗುರುತು ಗೋದಾಮೊಂದರ ಮೂಲೆಯಲ್ಲಿ ಸಿಕ್ಕಿತು. ನನ್ನ ತಲೆಗಿಂತ ಒಂದು ಮೊಳ ಮೇಲೆ ಒಂದು ಅಡ್ಡಗೆರೆಯಿದೆ, ಪಕ್ಕದಲ್ಲಿ ಬಣ್ಣ ಮಾಸಿದ ವರ್ಷವಿದೆ. ಆ ಗೋಡೆಯ ಪಕ್ಕದಲ್ಲಿ ಹತ್ತು ಸಲವಾದರೂ ಹಾದುಹೋಗಿದ್ದೆ.

ನೀರಿನ ಮಟ್ಟ ಈ ವಾರ ಇಳಿದಿದೆ. ಸೇತುವೆಯ ಕೆಳಗೆ, ಗೋಡೆ ಮುಗಿಯುವ ಮೂಲೆಯಲ್ಲಿ, ನದಿಯೊಳಕ್ಕೆ ಇಳಿಯುವ ಹಳೆಯ ಕಲ್ಲಿನ ಮೆಟ್ಟಿಲುಗಳು ಹೊರಗೆ ಕಂಡವು. ಅವುಗಳ ಪಕ್ಕದ ಕಲ್ಲಿನಲ್ಲಿ ದೋಣಿ ಕಟ್ಟುವ ಕಬ್ಬಿಣದ ಬಳೆಯೊಂದಿದೆ. ಹನ್ನೊಂದು ಮೆಟ್ಟಿಲುಗಳನ್ನು ಎಣಿಸಿದೆ, ಹನ್ನೆರಡನೆಯದು ನೀರಿನೊಳಗೆ ಮಸುಕಾಗಿ ಕಾಣುತ್ತಿತ್ತು. ಮುಂದಿನ ವಾರ ಇಳಿದು ಬಳೆಯ ಫೋಟೊ ತೆಗೆಯಬೇಕೆಂದಿದ್ದೇನೆ.

ಕಡವು:

ಫೋಟೊವನ್ನು ಮೇಲಿನಿಂದಲೇ ತೆಗೆಯಿರಿ. ಇತ್ತೀಚೆಗೆ ನೀರಿನಿಂದ ಹೊರಬಂದ ಮೆಟ್ಟಿಲುಗಳ ಮೇಲೆ ಪಾಚಿ ಒಣಗಿದಂತೆ ಕಂಡರೂ ಕಾಲಿಟ್ಟರೆ ಜಾರುತ್ತದೆ. ಒಣಗಿದ ಕೊನೆಯ ಮೆಟ್ಟಿಲಿನ ಸಂಖ್ಯೆಯನ್ನು ದಿನಾಂಕದೊಡನೆ ಬರೆದಿಡಿ. ಮೇಲಿನಿಂದ ಕೆಳಕ್ಕೆ ಎಣಿಸಬೇಕು. ಒಂದು ವರ್ಷ ಹಾಗೆ ಬರೆದರೆ ನಿಮ್ಮ ಬಳಿ ನಿಮ್ಮದೇ ಆದ ಮಾಪನ ಪಟ್ಟಿ ಇರುತ್ತದೆ.

ಸಂಜೆಗಾಳಿ:

ಬಳೆಯ ಫೋಟೊವನ್ನು ಇಲ್ಲಿ ಹಾಕಿ. ತಾಯಿಯವರಿಗೆ ತೋರಿಸಬೇಕು.